ಕಲಿತ ಕೆಲಸ ಕಾಗದದಲ್ಲೂ ಇರಲಿ

ಈ ಸಲದ ಪತ್ರಗಳೆಲ್ಲ ಬೀದರ್ ಜಿಲ್ಲೆಯವು. ಬಸವಕಲ್ಯಾಣದ ಆಟೊನಗರದಿಂದ, ಹುಮನಾಬಾದ್ ಕೈಗಾರಿಕಾ ಪ್ರದೇಶದಿಂದ, ಬಸ್ ಡಿಪೊದಿಂದ ಬಂದವು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮಗ್ಗುಲಲ್ಲಿ ಕೈಕೆಲಸ ಕಲಿಯುತ್ತಿರುವವರು, ಕಲಿಸುತ್ತಿರುವವರು, ಮಕ್ಕಳನ್ನು ಕಲಿಯಲು ಕಳಿಸಬೇಕೆಂದಿರುವವರು ಬರೆದಿದ್ದಾರೆ. ಅಪ್ರೆಂಟಿಸ್ ವರ್ಷ ಮುಗಿದ ಮೇಲೆ ಮುಂದೇನು ಎಂಬುದೇ ಹೆಚ್ಚಿನವರ ಪ್ರಶ್ನೆ.

ಪ್ರಶ್ನೆ: ಶರಣಾರ್ಥಿ ಸರ್. ಐಟಿಐದಾಗ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಅಪ್ರೆಂಟಿಸ್ ಸುದ್ದಾ ಮಾಡೀನಿ. ಈಗ ಆಟೊನಗರದಾಗ ಒಬ್ಬ ಉಸ್ತಾದರ ಕೈಕೆಳಗ ಕೆಲಸಕ್ಕ ಹೋಗ್ತೀನಿ. ಹಳೇ ಲಾರಿ ಪಂಪು, ನಾಜಲ್, ಕ್ಲಚ್ ಪ್ಲೇಟು ಎಲ್ಲಾ ಬರ್ತದ. ಬಿಎಸ್-6 ಗಾಡಿ ಬಂತಂದ್ರ ಉಸ್ತಾದರು ‘ಮುಟ್ಟಬ್ಯಾಡ’ ಅಂತಾರ. ಸ್ಕ್ಯಾನರ್ ಹಚ್ಚೋ ಹುಡುಗ ಹೊರಗಿನಿಂದ ಬರ್ತಾನ, ನಂಬರ್ ಹೇಳಿ ರೊಕ್ಕ ಇಸ್ಕೊಂಡು ಹೋಗ್ತಾನ. ನಾ ಹ್ಯಾಂಗ ಕಲೀಲಿ?
— ಡೀಸೆಲ್ ಮೆಕ್ಯಾನಿಕ್, ಬಸವಕಲ್ಯಾಣ

ಉತ್ತರ: ನಿಮ್ಮ ಉಸ್ತಾದರು ‘ಮುಟ್ಟಬೇಡ’ ಎನ್ನುವುದಕ್ಕೆ ಕಾರಣವಿದೆ. ಮೊದಲು ಅದನ್ನು ತಿಳಿದುಕೊಳ್ಳಿ. ಹಳೆಯ ಎಂಜಿನ್ ಮಿಸ್ ಹೊಡೆದರೆ ನಾವು ಏನು ಮಾಡುತ್ತೇವೆ? ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ಟನ್ನು ಪಾನಾ ಹಾಕಿ ಸಡಿಲ ಮಾಡಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಶಬ್ದದಲ್ಲೇ ಹಿಡಿಯುತ್ತೇವೆ. ಆಟೊನಗರದ ಅರ್ಧ ವಿದ್ಯೆ ಆ ಕಿವಿಯಲ್ಲಿದೆ. ಅದೇ ಕೆಲಸವನ್ನು ಬಿಎಸ್-6 ಗಾಡಿಯ ಕಾಮನ್ ರೇಲ್ ಎಂಜಿನ್ನಿನಲ್ಲಿ ಮಾಡಿದರೆ ಕೈ ಹೋಗುತ್ತದೆ. ಅಲ್ಲಿ ಡೀಸೆಲ್ ಒತ್ತಡ 1500 ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ಸೀಳಿನಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ಅರಿಸಿನ ಮೆತ್ತಿ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಓಡಬೇಕು. ಬಿಎಸ್-6 ಕಲಿಯಲು ಹೊರಟ ಪ್ರತಿಯೊಬ್ಬನಿಗೂ ಇದು ಮೊದಲ ಪಾಠ. ಎಂಜಿನ್ ಬಂದ್ ಮಾಡಿ, ಒತ್ತಡ ಇಳಿಯುವಷ್ಟು ಹೊತ್ತು ಬಿಟ್ಟು, ಆಮೇಲೆ ಪೈಪಿಗೆ ಕೈ ಹಾಕಿ.

ಇನ್ನು ಸ್ಕ್ಯಾನರ್ ಹುಡುಗನ ಮಾತು. ಅವನು ಹೇಳಿಹೋಗುವ ನಂಬರು ದೂರಿನ ಹೆಸರು ಮಾತ್ರ, ರೋಗ ಎಲ್ಲಿದೆ ಎಂಬುದನ್ನು ಹುಡುಕುವ ಕೆಲಸ ಬಾಕಿ ಇರುತ್ತದೆ. ಉದಾಹರಣೆಗೆ ಪಿ0087 ಬಂತು ಎಂದುಕೊಳ್ಳಿ. ರೇಲಿನಲ್ಲಿ ಒತ್ತಡ ಸಾಲುತ್ತಿಲ್ಲ ಎಂದು ಅದರ ಅರ್ಥ. ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನಿಂದ ಬರುವ ಪೈಪು ಗಾಳಿ ಎಳೆಯುತ್ತಿರಬಹುದು, ಪಂಪು ಸೋತಿರಬಹುದು, ಒಂದು ಇಂಜೆಕ್ಟರ್ ಒಳಗೊಳಗೇ ಸೋರಿ ಡೀಸೆಲ್ಲನ್ನು ರಿಟರ್ನ್ ಪೈಪಿಗೆ ಬಿಡುತ್ತಿರಬಹುದು, ಸೆನ್ಸರ್ರೇ ಸುಳ್ಳು ಹೇಳುತ್ತಿರಬಹುದು. ಐದರಲ್ಲಿ ಯಾವುದು? ನಂಬರ್ ನೋಡಿದ ಕೂಡಲೇ ಪಂಪು ಬದಲಿಸಿದವರು ಗಿರಾಕಿಯ ಸಾವಿರಾರು ರೂಪಾಯಿ ಹಾಳು ಮಾಡುತ್ತಾರೆ. ಪ್ರತಿ ಇಂಜೆಕ್ಟರಿನ ರಿಟರ್ನ್ ನಳಿಕೆಗೆ ಒಂದೊಂದು ಅಳತೆ ಬಾಟ್ಲಿ ಸಿಕ್ಕಿಸಿ, ಎಂಜಿನ್ ಕೆಲವು ನಿಮಿಷ ಓಡಿಸಿ ನೋಡಿ. ಉಳಿದ ಬಾಟ್ಲಿಗಳಲ್ಲಿ ಬೆರಳಗಲ ಇದ್ದು ಒಂದರಲ್ಲಿ ಮಾತ್ರ ಅರ್ಧ ತುಂಬಿದ್ದರೆ ಕಳ್ಳ ಸಿಕ್ಕಿಬಿದ್ದ. ಈ ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ. ಇಂಥದ್ದನ್ನು ನೀವು ಮಾಡಿ ತೋರಿಸಿದ ದಿನ ಉಸ್ತಾದರು ತಾವಾಗಿಯೇ ಗಾಡಿ ಹತ್ತಿರ ಕರೆಯುತ್ತಾರೆ.

ಎರಡನೆಯದು ಸೈಲೆನ್ಸರ್ ಕಡೆಯ ಕೆಲಸ. ಬಿಎಸ್-6 ಎಂಬ ಹೊಗೆ ನಿಯಮ ದೇಶದಲ್ಲಿ ಜಾರಿಯಾದದ್ದು 2020ರ ಏಪ್ರಿಲ್ 1ರಂದು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತವೂ ಬಂದಿದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು ದೊಡ್ಡ ಲಾರಿಗಳಲ್ಲಿ ಯೂರಿಯಾ ದ್ರವ ಸಿಂಪಡಿಸುತ್ತಾರೆ. ಆ ದ್ರವದಲ್ಲಿ ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಗೊಬ್ಬರದ ಯೂರಿಯಾವನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಸುರಿದರೆ ನಾಜಲ್ ತುದಿಗೆ ಬಿಳಿ ಹರಳು ಕಟ್ಟುತ್ತದೆ, ಪಿ20ಇಇ ಎಂಬ ಕೋಡ್ ಬರುತ್ತದೆ, ಲಾರಿಯ ಜೋರು ಇಳಿದುಹೋಗುತ್ತದೆ. ಡ್ರೈವರ್ ‘ಎಂಜಿನ್ ಕೆಟ್ಟಿದೆ’ ಎನ್ನುತ್ತಾನೆ. ನೀವು ಮೊದಲು ಕೇಳಬೇಕಾದದ್ದು ‘ಯೂರಿಯಾ ಎಲ್ಲಿ ಹಾಕಿಸಿದಿ?’ ಎಂದು.

ಹೇಗೆ ಕಲಿಯಲಿ ಎಂದಿರಿ. ಮಲ್ಟಿಮೀಟರ್‌ನಿಂದ ಶುರು ಮಾಡಿ. ಸೆನ್ಸರಿಗೆ 5 ವೋಲ್ಟ್ ಬರುತ್ತಿದೆಯೇ, ಅರ್ತ್ ಸರಿಯಿದೆಯೇ ಎಂದು ನೋಡಲು ಬಂದರೆ ಬಿಎಸ್-6ರ ಅರ್ಧ ಭಯ ಹೋಗುತ್ತದೆ. ಕೇಂದ್ರ ಸರ್ಕಾರದ ‘ಭಾರತ್ ಸ್ಕಿಲ್ಸ್’ ಜಾಲತಾಣದಲ್ಲಿ ನಿಮ್ಮ ಟ್ರೇಡಿನ ಪಠ್ಯ, ಪ್ರಶ್ನೆಗಳು ಬಿಟ್ಟಿ ಸಿಗುತ್ತವೆ, ಮೊಬೈಲಿನಲ್ಲೇ ಓದಬಹುದು. ಅದಕ್ಕಿಂತ ಮುಖ್ಯವಾದದ್ದು ಒಂದು ನೋಟ್‌ಬುಕ್. ಗಾಡಿಯ ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ, ಡ್ರೈವರ್ ಹೇಳಿದ ದೂರು, ಬಂದ ಕೋಡು, ನೀವು ಏನು ಅಳೆದಿರಿ, ಏನು ಬದಲಿಸಿದಿರಿ, ದೂರು ಹೋಯಿತೇ ಇಲ್ಲವೇ. ಒಂದು ಗಾಡಿಗೆ ಒಂದು ಪುಟ. ತಿಂಗಳಿಗೊಮ್ಮೆ ಉಸ್ತಾದರ ಸಹಿ ಹಾಕಿಸಿಕೊಳ್ಳಿ. ನಾಳೆ ಲಾರಿ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೆಲಸ ಕೇಳಿಕೊಂಡು ಹೋದಾಗ ಸರ್ಟಿಫಿಕೇಟ್ ಎಲ್ಲರ ಕೈಯಲ್ಲೂ ಇರುತ್ತದೆ. ಆ ನೋಟ್‌ಬುಕ್ ನಿಮ್ಮ ಕೈಯಲ್ಲಿ ಮಾತ್ರ ಇರುತ್ತದೆ.

ಪ್ರಶ್ನೆ: ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಆರು ತಿಂಗಳಾಯಿತು. ಡ್ರಮ್ ಉರುಳಿಸುವುದು, ನೆಲ ತೊಳೆಯುವುದು ಬಿಟ್ಟರೆ ಬೇರೆ ಕೆಲಸ ಕೊಟ್ಟಿಲ್ಲ. ಪಾಳಿ ಮುಗಿದ ಮೇಲೂ ನಿಲ್ಲಿಸಿಕೊಳ್ಳುತ್ತಾರೆ. ರಿಯಾಕ್ಟರ್ ಬಳಿ ಕಲಿಸಿ ಎಂದು ಕೇಳಿದರೆ ‘ಸರ್ಟಿಫಿಕೇಟ್ ಬೇಕೋ ಬೇಡವೋ’ ಎನ್ನುತ್ತಾರೆ. ಏನು ಮಾಡಲಿ?
— ಅಪ್ರೆಂಟಿಸ್, ಹುಮನಾಬಾದ್

ಉತ್ತರ: ನಿಮಗೆ ಆಗುತ್ತಿರುವುದು ಅನ್ಯಾಯ. 1961ರ ಅಪ್ರೆಂಟಿಸ್ ಕಾಯ್ದೆ ನಿಮ್ಮನ್ನು ಕೆಲಸಗಾರ ಎನ್ನುವುದಿಲ್ಲ, ಕಲಿಯುವವ ಎನ್ನುತ್ತದೆ. ಕಾರ್ಖಾನೆ ನಿಮಗೆ ಕೂಲಿ ಕೊಡಬೇಕಾಗಿಲ್ಲ ಎಂಬುದಕ್ಕೆ ಆ ಮಾತನ್ನು ಮಾಲೀಕರು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಅದೇ ಕಾಯ್ದೆಯ ಉಳಿದ ಮಾತುಗಳು ಇವು: ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಅಪ್ರೆಂಟಿಸನ್ನು ಹಚ್ಚುವುದನ್ನು 30ನೇ ಕಲಂ ತಪ್ಪೆಂದು ಎಣಿಸಿದೆ. ಸರ್ಕಾರ ನೇಮಿಸಿದ ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಇಷ್ಟು ಡ್ರಮ್‌ಗೆ ಇಷ್ಟು ರೂಪಾಯಿ ಎಂದು ತುಂಡುಗುತ್ತಿಗೆ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ. ಪ್ರತಿ ಅಪ್ರೆಂಟಿಸ್ ಎಷ್ಟು ಕಲಿತ ಎಂಬುದರ ದಾಖಲೆಯನ್ನು ಮಾಲೀಕರೇ ಇಡಬೇಕು. ತರಗತಿ ಪಾಠಕ್ಕೆ ಹೋದ ಹೊತ್ತೂ ಸ್ಟೈಪೆಂಡ್ ಲೆಕ್ಕದೊಳಗೇ ಬರಬೇಕು.

ಆದರೆ ಕಾನೂನು ಪುಸ್ತಕ ಹಿಡಿದು ಮ್ಯಾನೇಜರ್ ಮುಂದೆ ನಿಲ್ಲುವುದಕ್ಕಿಂತ ಮೊದಲು ಎರಡು ಕೆಲಸ ಮಾಡಿ. ನಿಮ್ಮ ಒಪ್ಪಂದದ ಪ್ರತಿ ತೆಗೆಸಿಕೊಳ್ಳಿ. ಅದರಲ್ಲಿ ಯಾವ ಟ್ರೇಡ್ ಬರೆದಿದ್ದಾರೆ ನೋಡಿ. ‘ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್’ ಎಂದಿದ್ದರೆ ಆ ಟ್ರೇಡಿನ ಪಠ್ಯಕ್ರಮ ಮುದ್ರಿಸಿಕೊಂಡು, ಈವರೆಗೆ ಕಲಿಸಿದ್ದಕ್ಕೆ ಗುರುತು ಹಾಕಿ. ಖಾಲಿ ಉಳಿದ ಸಾಲುಗಳೇ ನಿಮ್ಮ ಅರ್ಜಿ. ‘ಸರ್, ಪರೀಕ್ಷೆಯಲ್ಲಿ ಇವನ್ನು ಕೇಳುತ್ತಾರೆ, ಯಾವ ತಿಂಗಳು ಕಲಿಸುತ್ತೀರಿ?’ ಎಂದು ಬರಹದಲ್ಲಿ ಕೇಳಿ. ಕೇಳಿದ ಪ್ರತಿಗೆ ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ನಿಮ್ಮ ಸರ್ಕಾರಿ ಐಟಿಐ ಪ್ರಾಂಶುಪಾಲರ ಬಳಿ ಹೋಗಿ. ಒಪ್ಪಂದದ ವಿಷಯದಲ್ಲಿ ಮಾಲೀಕ–ಅಪ್ರೆಂಟಿಸ್ ನಡುವಿನ ತಕರಾರನ್ನು ತೀರ್ಮಾನಿಸುವ ಅಧಿಕಾರ 20ನೇ ಕಲಮಿನಂತೆ ಅಪ್ರೆಂಟಿಸ್ ಸಲಹೆಗಾರರದು. ಅಲ್ಲಿಗೆ ದೂರು ಮುಟ್ಟಿಸುವ ದಾರಿಯನ್ನು ಪ್ರಾಂಶುಪಾಲರು ತೋರಿಸುತ್ತಾರೆ. ಸರ್ಟಿಫಿಕೇಟ್ ಮಾಲೀಕರು ದಯೆಯಿಂದ ಕೊಡುವ ವಸ್ತು ಅಂದುಕೊಳ್ಳಬೇಡಿ. ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಬರುತ್ತದೆ.

ಇನ್ನೊಂದು ಮಾತು, ಇದನ್ನು ಬೇಸರಿಸದೆ ಓದಿ. ಔಷಧ ಕಾರ್ಖಾನೆಯಲ್ಲಿ ತೊಳೆಯುವುದೂ ಒಂದು ವಿದ್ಯೆ. ಒಂದು ಔಷಧದ ಬ್ಯಾಚ್ ಮುಗಿದು ಇನ್ನೊಂದು ಶುರುವಾಗುವ ಮುನ್ನ ರಿಯಾಕ್ಟರ್, ಪೈಪು, ಸೆಂಟ್ರಿಫ್ಯೂಜ್ ಯಾವ ದ್ರಾವಣದಿಂದ, ಎಷ್ಟು ಸಲ, ಎಷ್ಟು ಹೊತ್ತು ತೊಳೆಯಬೇಕು ಎಂಬುದು ಬರಹದಲ್ಲಿರುತ್ತದೆ. ತೊಳೆದವರು, ಪರೀಕ್ಷಿಸಿದವರು ಸಹಿ ಹಾಕುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ತಯಾರಿಕೆಯ ‘ಶೆಡ್ಯೂಲ್ ಎಂ’ ನಿಯಮಗಳನ್ನು ಪರಿಷ್ಕರಿಸಿತು. ಕೆಲಸ ಮಾಡುವ ಪ್ರತಿಯೊಬ್ಬರಿಗೂ ತರಬೇತಿ ಕೊಟ್ಟು ಅದರ ದಾಖಲೆ ಇಡಬೇಕು ಎಂಬುದು ಅದರ ಕಟ್ಟುನಿಟ್ಟು. ಆ ತರಬೇತಿ ಫೈಲಿನಲ್ಲಿ ನಿಮ್ಮ ಹೆಸರೂ ಇದೆಯೇ ಎಂದು ಕೇಳಿ. ಇನ್ಸ್‌ಪೆಕ್ಷನ್‌ಗೆ ಬಂದವರು ಅದನ್ನೇ ಕೇಳುತ್ತಾರೆ, ಆದ್ದರಿಂದ ಮ್ಯಾನೇಜರೂ ಆ ಮಾತಿಗೆ ಕಿವಿಗೊಡುತ್ತಾರೆ.

ಸುರಕ್ಷತೆ ಮಾತ್ರ ಕಾಯುವ ವಿಷಯವಲ್ಲ. ಟಾಲ್ವೀನ್‌ನಂಥ ಸಾಲ್ವೆಂಟ್ ಡ್ರಮ್ಮಿನಿಂದ ಎತ್ತುವಾಗ ಡ್ರಮ್‌ಗೂ ಪಾತ್ರೆಗೂ ಅರ್ತಿಂಗ್ ಕ್ಲಿಪ್ ಹಾಕಿದ್ದಾರೆಯೇ ನೋಡಿ. ಹಾಕದಿದ್ದರೆ ಹರಿಯುವ ದ್ರವದಿಂದಲೇ ಕಿಡಿ ಹುಟ್ಟಿ ಬೆಂಕಿ ಹತ್ತಬಹುದು. ಟ್ಯಾಂಕಿನೊಳಗೆ ಇಳಿ ಎಂದರೆ ಪರ್ಮಿಟ್ ಕಾಗದ ಕೇಳಿ. ಒಳಗಿನ ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬಾರದು. ಟ್ಯಾಂಕಿನೊಳಗೆ ನಿಂತ ನೈಟ್ರೋಜನ್‌ಗೆ ವಾಸನೆಯಿಲ್ಲ, ಉಸಿರು ಕಟ್ಟುವುದೂ ತಿಳಿಯುವುದಿಲ್ಲ. ಒಳಗೆ ಬಿದ್ದವನನ್ನು ಎತ್ತಲು ಹಿಂದೆಯೇ ಇಳಿದವರು ಸತ್ತ ಪ್ರಕರಣಗಳು ಈ ದೇಶದಲ್ಲಿ ಲೆಕ್ಕವಿಲ್ಲದಷ್ಟು. ಗೆಳೆಯ ಬಿದ್ದರೂ ಉಸಿರಾಟದ ಉಪಕರಣವಿಲ್ಲದೆ ಇಳಿಯಬೇಡಿ, ಕೂಗಿ ಜನ ಸೇರಿಸಿ. ಅಪಾಯದ ಕೆಲಸಗಳಲ್ಲಿ 18 ತುಂಬದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವಂತೆಯೇ ಇಲ್ಲ. ಕೆಲಸದ ವೇಳೆ ಪೆಟ್ಟಾದರೆ ಪರಿಹಾರ ಪಡೆಯುವ ಹಕ್ಕು ಅಪ್ರೆಂಟಿಸ್‌ಗೂ ಇದೆ.

ಪ್ರಶ್ನೆ: ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಡಿಪೊದಲ್ಲಿ ಅಪ್ರೆಂಟಿಸ್ ಮುಗಿಯುತ್ತ ಬಂತು. ಇಲ್ಲಿ ಅಪ್ರೆಂಟಿಸ್ ಮಾಡಿದವರಿಗೆ ನೌಕರಿ ಖಾಯಂ ಎಂದು ಊರಲ್ಲಿ ಹೇಳುತ್ತಾರೆ. ನಿಜವೇ?
— ಓದುಗ, ಬಸವಕಲ್ಯಾಣ ತಾಲ್ಲೂಕು

ಉತ್ತರ: ನಿಜವಲ್ಲ. ಒಪ್ಪಂದದಲ್ಲಿ ಹಾಗೆಂದು ಬರೆಯದ ಹೊರತು ಅಪ್ರೆಂಟಿಸ್ ಮುಗಿಸಿದವರಿಗೆ ನೌಕರಿ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. 2014ರ ತಿದ್ದುಪಡಿಯಂತೆ ಪ್ರತಿ ಸಂಸ್ಥೆ ತನ್ನಲ್ಲಿ ತರಬೇತಾದವರ ನೇಮಕದ ಬಗ್ಗೆ ತನ್ನದೇ ನೀತಿ ಮಾಡಿಕೊಳ್ಳಬೇಕು. ನಿಮಗೆ ನೆರವಾಗುವ ಒಂದು ತೀರ್ಪಿದೆ. ಉತ್ತರ ಪ್ರದೇಶದ ಸಾರಿಗೆ ನಿಗಮದ ಅಪ್ರೆಂಟಿಸ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಉಳಿದೆಲ್ಲ ಅರ್ಹತೆ ಸಮನಾಗಿದ್ದರೆ ತರಬೇತಾದ ಅಪ್ರೆಂಟಿಸ್‌ಗೆ ಆದ್ಯತೆ ಇರಬೇಕು ಎಂದಿತು. ಸಮನಾಗಿದ್ದರೆ ಎಂಬ ಮಾತು ಮರೆಯಬೇಡಿ. ಪರೀಕ್ಷೆಯಲ್ಲಿ ಅಂಕ ಬರಬೇಕು. ರೈಲ್ವೆಯಲ್ಲಿ ಲೆವೆಲ್-1 ನೇರ ನೇಮಕದ ಶೇ 20 ಹುದ್ದೆಗಳು ರೈಲ್ವೆ ಘಟಕಗಳಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಇವೆ, ಅಲ್ಲೂ ಪರೀಕ್ಷೆ ತಪ್ಪುವುದಿಲ್ಲ.

ಜೊತೆಗೆ, ಸಂವಿಧಾನದ 371(ಜೆ) ಅಡಿ ಸ್ಥಳೀಯ ಅಭ್ಯರ್ಥಿಯ ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಅದನ್ನು ಕೊಡುವವರು ಉಪವಿಭಾಗಾಧಿಕಾರಿ, ಅವರ ಕಚೇರಿ ಬಸವಕಲ್ಯಾಣದಲ್ಲೇ ಇದೆ. ಅರ್ಜಿ ಕರೆದ ಮೇಲೆ ಓಡಾಡಿ ಕೊನೇ ದಿನ ತಪ್ಪಿಸಿಕೊಂಡವರ ಪತ್ರಗಳು ನನಗೆ ಪ್ರತಿ ನೇಮಕಾತಿಯಲ್ಲೂ ಬರುತ್ತವೆ.

ಪ್ರಶ್ನೆ: ಆಟೊನಗರದಲ್ಲಿ ನನ್ನದು ಸ್ವಂತ ವರ್ಕ್‌ಶಾಪ್. ಹನ್ನೆರಡು ಜನ ಕೆಲಸಗಾರರಿದ್ದಾರೆ. ಹುಡುಗರಿಗೆ ವಿದ್ಯೆ ಕಲಿಸಿದರೆ ಹೈದರಾಬಾದಿಗೋ ಪುಣೆಗೋ ಓಡಿಹೋಗುತ್ತಾರೆ. ಮತ್ಯಾಕೆ ಕಲಿಸಬೇಕು? ಕಾನೂನಿನ ಪ್ರಕಾರ ಅಪ್ರೆಂಟಿಸ್ ಇಟ್ಟುಕೊಳ್ಳಲು ನನ್ನಂಥ ಸಣ್ಣವರಿಗೆ ಆಗುತ್ತದೆಯೇ?
— ವರ್ಕ್‌ಶಾಪ್ ಮಾಲೀಕ, ಬಸವಕಲ್ಯಾಣ

ಉತ್ತರ: ಆಗುತ್ತದೆ. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗೆ ಅಪ್ರೆಂಟಿಸ್ ಕಡ್ಡಾಯ, 4ರಿಂದ 29 ಜನರಿದ್ದರೆ ಮಾಲೀಕರ ಇಷ್ಟ. ಕೇಂದ್ರದ ಅಪ್ರೆಂಟಿಸ್‌ಶಿಪ್ ಜಾಲತಾಣದಲ್ಲಿ ನೋಂದಾಯಿಸಿ ಒಪ್ಪಂದ ಮಾಡಿಕೊಳ್ಳಬೇಕು. 2019ರ ನಿಯಮದಲ್ಲಿ ತಿಂಗಳ ಕನಿಷ್ಠ ಸ್ಟೈಪೆಂಡ್ ಹತ್ತನೇ ಪಾಸಾದವರಿಗೆ 6000, ಐಟಿಐ ಆದವರಿಗೆ 7000, ಡಿಪ್ಲೊಮಾದವರಿಗೆ 8000 ರೂಪಾಯಿ. ಒಪ್ಪಂದಕ್ಕೆ ಸಹಿ ಹಾಕುವ ದಿನ ಜಾಲತಾಣದಲ್ಲಿರುವ ದರವನ್ನೇ ಹಿಡಿಯಿರಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25ರಷ್ಟು, ಗರಿಷ್ಠ 1500 ರೂಪಾಯಿ, ಸರ್ಕಾರವೇ ಹುಡುಗನ ಬ್ಯಾಂಕ್ ಖಾತೆಗೆ ಹಾಕುತ್ತದೆ.

ಓಡಿಹೋಗುವ ಮಾತಿಗೆ ಬರೋಣ. ಹುಡುಗರು ಹೈದರಾಬಾದಿಗೆ ಹೋಗುವುದು ಹೆಚ್ಚಿನ ಪಗಾರಕ್ಕೆ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಇಲ್ಲಿ ನಾಲ್ಕು ವರ್ಷ ಪಾನಾ ಎತ್ತಿಕೊಟ್ಟರೂ ಹೊಸ ಗಾಡಿ ಬಿಚ್ಚಲು ಬಿಡುವುದಿಲ್ಲ, ಅಲ್ಲಿ ಬಿಡುತ್ತಾರೆ. ಬಿಎಸ್-6 ಗಾಡಿ ಬಂದಾಗಲೆಲ್ಲ ಹೊರಗಿನ ಸ್ಕ್ಯಾನರ್ ಹುಡುಗನಿಗೆ ಕೊಡುವ ಹಣವನ್ನು ಒಂದು ವರ್ಷ ಬರೆದಿಟ್ಟು ಕೂಡಿಸಿ ನೋಡಿ. ಆ ಮೊತ್ತಕ್ಕೆ ನಿಮ್ಮದೇ ಹುಡುಗನನ್ನು ತರಬೇತಿಗೆ ಕಳಿಸಬಹುದು, ಪ್ರಾಯಶಃ ಒಂದು ಸ್ಕ್ಯಾನರನ್ನೂ ಕೊಳ್ಳಬಹುದು. ಮೇಲಿನ ಮೊದಲ ಪತ್ರದ ಹುಡುಗ ನಿಮ್ಮ ಆಟೊನಗರದವನೇ. ಕಲಿಸದೆ ಇಟ್ಟುಕೊಂಡ ಹುಡುಗ ನಿಮ್ಮಲ್ಲೇ ಉಳಿದರೂ ನಷ್ಟ ನಿಮಗೇ. ಹೊಸ ಗಾಡಿಗಳು ನಿಮ್ಮ ಬಾಗಿಲು ದಾಟಿ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗುತ್ತವೆ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಬರೆದಿದ್ದಾಳೆ. ಮಷಿನ್ ಕೆಲಸ ಕಲಿಯುತ್ತೇನೆ ಅನ್ನುತ್ತಾಳೆ. ನೆಂಟರು ಬೇಡ ಅನ್ನುತ್ತಾರೆ. ನಮ್ಮ ಕಡೆ ಎಲ್ಲಿ ಸೇರಿಸಬಹುದು? ಮುಂದೆ ಓದಲು ದಾರಿ ಇದೆಯೇ?
— ತಂದೆ, ಹುಮನಾಬಾದ್ ತಾಲ್ಲೂಕು

ಉತ್ತರ: ನೆಂಟರ ಮಾತು ಬಿಡಿ, ಮಗಳ ಮಾತು ಕೇಳಿ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹುಮನಾಬಾದಿನಲ್ಲೇ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಇದು. ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ ಕಲಿಕೆ, ನಾಲ್ಕನೇ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಲೇಥು, ಮಿಲ್ಲಿಂಗ್, ಸಿಎನ್‌ಸಿ, ಡ್ರಾಯಿಂಗ್ ಎಲ್ಲ ಕೈಯಲ್ಲಿ ಮಾಡಿಸುತ್ತಾರೆ. ಈ ಕೆಲಸಕ್ಕೆ ತೋಳಿನ ಬಲಕ್ಕಿಂತ ಕಣ್ಣಿನ ಅಳತೆ ಮುಖ್ಯ. ಮೈಕ್ರೊಮೀಟರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ಹಿಡಿಯುವ ತಾಳ್ಮೆ ಇದ್ದರೆ ಆಯಿತು. ಸೇರಿಸುವ ಮುನ್ನ ಹೋಗಿ ಈ ವರ್ಷ ಯಾವ ಕೋರ್ಸುಗಳಿವೆ, ಹಾಸ್ಟೆಲ್ ಹೇಗಿದೆ ಎಂದು ವಿಚಾರಿಸಿ. ನಾಲ್ಕನೇ ವರ್ಷ ಹೊರ ಊರಿಗೆ ಹೋಗಬೇಕಾಗಬಹುದು, ಅದಕ್ಕೆ ಈಗಿನಿಂದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಐಟಿಐ ಸೇರಿಸಿದರೂ ದಾರಿ ಮುಚ್ಚುವುದಿಲ್ಲ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಆದ ಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು.

ಪ್ರಶ್ನೆ: ಶಾಲೆ ಐದನೇ ಈಯತ್ತೆಗೆ ಬಿಟ್ಟೆ. ಅಂದಿನಿಂದ ಲಾರಿಯ ಕಮಾನ್‌ಪಟ್ಟಿ ಕೆಲಸ, ಕುಲುಮೆ ಕೆಲಸ. ಈಗ ಸ್ವಂತ ಕುಲುಮೆ ಇದೆ. ಕೈಯಲ್ಲಿ ಒಂದೂ ಕಾಗದವಿಲ್ಲ. ಈ ವಯಸ್ಸಿಗೆ ಏನಾದರೂ ಸಿಗುತ್ತದೆಯೇ?
— ಕಮಾನ್ ಕೆಲಸದವ, ಸಸ್ತಾಪುರ ಬಂಗ್ಲಾ

ಉತ್ತರ: ಸಿಗುತ್ತದೆ, ವಯಸ್ಸು ಅಡ್ಡಿಯಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ. ಸ್ವಂತ ಉದ್ಯೋಗ ಮಾಡುವ ನಿಮ್ಮಂಥವರಿಗೇ ಅದು. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಸೇವಾ ಕೇಂದ್ರಕ್ಕೆ ಹೋಗಿ. ವೆಲ್ಡಿಂಗ್ ಕೂಡ ಬರುವುದಾದರೆ, ಮೊದಲೇ ಬಲ್ಲ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ವ್ಯವಸ್ಥೆಯ ಬಗ್ಗೆ ಬೀದರಿನ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: ನೀವು ಯಾವಾಗಲೂ ಡೈರಿ ಬರೆಯಿರಿ ಅನ್ನುತ್ತೀರಿ. ನನಗೆ ಇಂಗ್ಲಿಷ್ ಬರುವುದಿಲ್ಲ.
— ಫಿಟ್ಟರ್ ಅಪ್ರೆಂಟಿಸ್ ಹುಡುಗಿ, ಹುಮನಾಬಾದ್

ಉತ್ತರ: ಕನ್ನಡದಲ್ಲೇ ಬರೆಯಿರಿ. ದಿನಾಂಕ, ಕೆಲಸ, ಅಳತೆ, ಯಾರು ಕಲಿಸಿದರು. ಮಷಿನಿನ ಮೇಲೆ ಇಂಗ್ಲಿಷಿನಲ್ಲಿರುವ ಹೆಸರನ್ನು ಇದ್ದ ಹಾಗೆ ನೋಡಿ ಇಳಿಸಿಕೊಳ್ಳಿ. ಓದುವವರಿಗೆ ನಿಮ್ಮ ಕೆಲಸ ತಿಳಿದರೆ ಸಾಕು.

ಮುಂದಿನ ಸಲ ಪತ್ರ ಬರೆಯುವವರು ತಮ್ಮ ಟ್ರೇಡ್, ಎಷ್ಟು ತಿಂಗಳಾಯಿತು, ಒಪ್ಪಂದದ ಪ್ರತಿ ಕೈಯಲ್ಲಿದೆಯೇ ಎಂಬ ಮೂರನ್ನು ತಪ್ಪದೆ ತಿಳಿಸಿ. ಪ್ರತಿ ಇಲ್ಲದವರು ನನಗೆ ಬರೆಯುವ ಮೊದಲು ಈ ವಾರವೇ ಕಚೇರಿಗೆ ಹೋಗಿ ಅದನ್ನು ಕೇಳಿ ಪಡೆಯಿರಿ.